ಕಂಪನಿ ಹೋದ ಮೇಲೆ ತಂಡ: ಕೋಲಾರದ ಗಣಿಯಿಂದ ಬೆಂಗಳೂರು ಎಫ್‌ಸಿಯವರೆಗೆ

ಫುಟ್ಬಾಲ್ ತಂಡವೊಂದು ಒಂದು ಋತುವಿನಲ್ಲಿ ಗೆದ್ದದ್ದೇಕೆ, ಸೋತದ್ದೇಕೆ ಎಂಬುದನ್ನು ಆಟಗಾರರ ಕಾಲ್ಚಳಕದಿಂದಲೂ ತರಬೇತುದಾರನ ಲೆಕ್ಕಾಚಾರದಿಂದಲೂ ವಿವರಿಸಬಹುದು. ಆದರೆ ಅದೇ ತಂಡದ ಮೂವತ್ತು ವರ್ಷಗಳ ಚರಿತ್ರೆಯನ್ನು ಎದುರಿಗಿಟ್ಟುಕೊಂಡಾಗ ಈ ವಿವರಣೆ ಸಾಲದೆ ಹೋಗುತ್ತದೆ. ಅಷ್ಟು ದೀರ್ಘ ಅವಧಿಯಲ್ಲಿ ಆಟಗಾರರ ಹಲವು ತಲೆಮಾರುಗಳು ಕಳೆದಿರುತ್ತವೆ, ತರಬೇತುದಾರರು ಬಂದು ಹೋಗಿರುತ್ತಾರೆ, ಕೊನೆಗೆ ತಂಡ ಯಾರದು ಮತ್ತು ಅದನ್ನು ದಿನನಿತ್ಯ ನಡೆಸುವವರು ಯಾರು ಎಂಬ ಎರಡು ಪ್ರಶ್ನೆಗಳು ಉಳಿದುಕೊಳ್ಳುತ್ತವೆ. ತಂಡದ ಹೆಸರು, ಹಣ ಮತ್ತು ಆಸ್ತಿ ಯಾರ ಕೈಯಲ್ಲಿವೆ, ಅದನ್ನು ಮಾರುವ ಇಲ್ಲವೆ ಮುಚ್ಚುವ ಹಕ್ಕು ಯಾರಿಗಿದೆ ಎಂಬುದು ಒಡೆತನದ ವಿಷಯ. ತರಬೇತುದಾರನನ್ನು ಆರಿಸುವುದು, ಸಂಬಳ ನಿಗದಿ ಮಾಡುವುದು, ಎಳೆಯರನ್ನು ಬೆಳೆಸುವುದು ಇವೆಲ್ಲ ಆಡಳಿತದ ವಿಷಯ. ಒಂದು ಕ್ಲಬ್ಬಿನ ಆಯುಸ್ಸು ಬಹುಮಟ್ಟಿಗೆ ಇವೆರಡರ ನಡುವಿನ ಸಂಬಂಧವನ್ನು ಅವಲಂಬಿಸಿರುತ್ತದೆ ಎಂಬುದನ್ನು ಅರಿಯಲು ಯೂರೋಪಿನವರೆಗೆ ಹೋಗಬೇಕಾಗಿಲ್ಲ, ಕೋಲಾರ ಜಿಲ್ಲೆಯ ಚಿನ್ನದ ಗಣಿಯಿಂದಲೇ ಆರಂಭಿಸಬಹುದು.

ಕೋಲಾರ ಚಿನ್ನದ ಗಣಿ ಪ್ರದೇಶ, ಅಂದರೆ ಕೆಜಿಎಫ್, 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಸಂಸ್ಥೆಯ ನಿರ್ವಹಣೆಯಲ್ಲಿತ್ತು. ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಮೈಸೂರು ಎಂಬ ಗಣಿಗಳು ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿದ್ದು, ಷೇರುದಾರರು ದೂರದ ಬ್ರಿಟನ್ನಿನಲ್ಲಿ ಕುಳಿತಿದ್ದರೆ ದಿನನಿತ್ಯದ ವ್ಯವಹಾರವೆಲ್ಲ ಈ ಒಂದೇ ಸಂಸ್ಥೆಯ ಕೈಯಲ್ಲಿತ್ತು. ಶಿವನಸಮುದ್ರದಿಂದ 1902ರಲ್ಲಿ ವಿದ್ಯುತ್ ತರಿಸಿಕೊಂಡ ಆ ಊರಿನಲ್ಲಿ ಮನೆ, ಆಸ್ಪತ್ರೆ, ಶಾಲೆ, ಕ್ಲಬ್ಬು, ಆಟದ ಮೈದಾನ ಎಲ್ಲವೂ ಗಣಿ ಆಡಳಿತದ ವ್ಯವಸ್ಥೆಯ ಅಂಗಗಳೇ ಆಗಿದ್ದವು. ಅಧಿಕಾರಿಗಳಿಗೆ ಗಾಲ್ಫ್ ಮೈದಾನವಿದ್ದಂತೆ ಕಾರ್ಮಿಕರ ಮತ್ತು ಆಂಗ್ಲೋ ಇಂಡಿಯನ್ ಕುಟುಂಬಗಳ ಹುಡುಗರಿಗೆ ಫುಟ್ಬಾಲ್ ಮತ್ತು ಹಾಕಿ ಇದ್ದವು. ಮೈದಾನದ ಹುಲ್ಲಿಗೂ ಗೋಲುಕಂಬಕ್ಕೂ ಬೇಕಾದ ಹಣಕ್ಕೆ ಯಾರೂ ಚಂದಾ ಎತ್ತಬೇಕಾಗಿರಲಿಲ್ಲ. ಆಟದ ದೃಷ್ಟಿಯಿಂದ ನೋಡಿದರೆ ಇದೊಂದು ಸುಖದ ಸ್ಥಿತಿ, ಸಂಸ್ಥೆ ಕಟ್ಟುವ ದೃಷ್ಟಿಯಿಂದ ನೋಡಿದರೆ ಅಷ್ಟೇ ಅಪಾಯದ ಸ್ಥಿತಿ, ಏಕೆಂದರೆ ಹಣ ಹೊಂದಿಸಲು ಕಲಿಯದ, ಲೆಕ್ಕ ಇಡಲು ಕಲಿಯದ, ನೆಲದ ಮೇಲೆ ಹಕ್ಕಿಲ್ಲದ ತಂಡವು ಕಂಪನಿಯ ಒಂದು ಖರ್ಚಿನ ಬಾಬ್ತಾಗಿ ಉಳಿಯುತ್ತದೆಯೇ ಹೊರತು ಸ್ವತಂತ್ರ ಕ್ಲಬ್ ಆಗುವುದಿಲ್ಲ.

ಮೈಸೂರು ಸರ್ಕಾರ 1956ರಲ್ಲಿ ಗಣಿಗಳನ್ನು ರಾಷ್ಟ್ರೀಕರಿಸಿತು, 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಎಂಬ ಸಾರ್ವಜನಿಕ ಉದ್ಯಮ ರೂಪುಗೊಂಡಿತು. ಒಡೆಯರು ಮೂರು ಸಲ ಬದಲಾದರೂ ವ್ಯವಸ್ಥೆಯ ಸ್ವರೂಪ ಬದಲಾಗಲಿಲ್ಲ. ಮೂರು ಸಾವಿರ ಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಗಣಿಯಿಂದ ಬರುವ ಅದಿರಿನಲ್ಲಿ ಚಿನ್ನದ ಪ್ರಮಾಣ ಕುಸಿದು, ತೆಗೆಯುವ ಖರ್ಚು ಬರುವ ಬೆಲೆಯನ್ನು ಮೀರಿದಾಗ, 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಆಟಗಾರರಿಗೆ ನೌಕರಿ ಕೊಡುತ್ತಿದ್ದ, ಮೈದಾನ ನೋಡಿಕೊಳ್ಳುತ್ತಿದ್ದ ಕೈಗಳೂ ಅದರೊಂದಿಗೆ ಇಲ್ಲವಾದವು. ಸಾವಿರಾರು ಎಕರೆ ಭೂಮಿ ಮುಚ್ಚಿದ ಕಂಪನಿಯ ಮೂಲಕ ಕೇಂದ್ರ ಗಣಿ ಸಚಿವಾಲಯದ ಅಧೀನದಲ್ಲಿಯೇ ಉಳಿದುದರಿಂದ, ತಲೆಮಾರುಗಳಿಂದ ಆಡಿದ ನೆಲದಲ್ಲಿ ಮುಂದೆ ಏನಾಗಬೇಕೆಂಬುದನ್ನು ತೀರ್ಮಾನಿಸುವ ಅಧಿಕಾರ ಊರಿನವರಿಗೆ ಸಿಗಲಿಲ್ಲ. ಇದರ ಜೊತೆಗೆ ಹೆಚ್ಚಾಗಿ ಚರ್ಚೆಗೆ ಬಾರದ ಇನ್ನೊಂದು ನಷ್ಟವೂ ಇದೆ. ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಜನ ಮಾರಿಕುಪ್ಪಂನಿಂದ ಹೊರಡುವ ರೈಲು ಹಿಡಿದು ಬೆಳಗಿನ ಜಾವವೇ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ದಿನಚರಿಗೆ ಒಗ್ಗಿಕೊಂಡರು. ಹನ್ನೊಂದು ಮಂದಿ ವಯಸ್ಕರು ಸಂಜೆ ಐದು ಗಂಟೆಗೆ ಒಂದೆಡೆ ಸೇರಲಾಗದ ಊರಿನಲ್ಲಿ ತಂಡ ಕಟ್ಟುವುದು ಹಣವಿದ್ದರೂ ಸುಲಭವಲ್ಲ.

ಕೆಜಿಎಫ್‌ನದು ಒಂಟಿ ಕಥೆಯೇನಲ್ಲ. ಸ್ವಾತಂತ್ರ್ಯಾನಂತರ ಕರ್ನಾಟಕದ ಫುಟ್ಬಾಲನ್ನು ಬಹುಮಟ್ಟಿಗೆ ಹೊತ್ತುಕೊಂಡಿದ್ದು ಎಚ್‌ಎಎಲ್, ಐಟಿಐ, ಎಲ್‌ಆರ್‌ಡಿಇ, ಸೇನೆಯ ಎಂಇಜಿ ಮುಂತಾದ ಸಂಸ್ಥೆಗಳ ತಂಡಗಳು. 1964ರಲ್ಲಿ ಸ್ಥಾಪನೆಯಾಗಿ ಕೆಜಿಎಫ್‌ನಲ್ಲಿ ದೊಡ್ಡ ಘಟಕ ಹೊಂದಿರುವ ಬಿಇಎಂಎಲ್ ಹೆಸರಿನ ತಂಡವೂ ಬೆಂಗಳೂರಿನ ಲೀಗ್‌ನಲ್ಲಿ ಆಡಿದೆ. ಇವನ್ನು ಸಾಂಸ್ಥಿಕ ತಂಡಗಳೆಂದು ಕರೆಯುವುದು ರೂಢಿ. ಕ್ರೀಡಾ ಕೋಟಾದಲ್ಲಿ ನೌಕರಿ ಪಡೆದ ಆಟಗಾರ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಕಾರ್ಮಿಕನಾಗಿರುತ್ತಿದ್ದ, ಅಭ್ಯಾಸಕ್ಕೆ ಬಿಡುವು ಪಡೆಯುತ್ತಿದ್ದ, ಮೊಣಕಾಲು ಹೋಗಿ ಆಟ ನಿಂತ ಮೇಲೂ ಸಂಬಳ, ಬಡ್ತಿ, ನಿವೃತ್ತಿಯ ಹಣ ಕೈತಪ್ಪುತ್ತಿರಲಿಲ್ಲ. ಇಂದಿನ ವೃತ್ತಿಪರ ಆಟಗಾರನಿಗೆ ಸಿಗದ ಈ ಭದ್ರತೆಯನ್ನು ಕಡೆಗಣಿಸಿ ಆ ಕಾಲವನ್ನು ಹಳೆಯ ಪದ್ಧತಿ ಎಂದು ತಳ್ಳಿಹಾಕುವುದು ಸರಿಯಲ್ಲ. ಮೈಸೂರು ರಾಜ್ಯ ತಂಡವು 1946-47, 1952-53, 1967-68 ಮತ್ತು 1968-69ರಲ್ಲಿ, ನಾಲ್ಕು ಬಾರಿ, ರಾಷ್ಟ್ರೀಯ ಚಾಂಪಿಯನ್‌ಷಿಪ್ ಆದ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಐದನೆಯ ಬಾರಿ ಅದು ರಾಜ್ಯಕ್ಕೆ ದೊರೆತದ್ದು 2023ರ ಮಾರ್ಚ್‌ನಲ್ಲಿ, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ, ಅಂದರೆ 54 ವರ್ಷಗಳ ಅಂತರದ ನಂತರ.

ಆ ಅಂತರದ ಕೊನೆಯ ಭಾಗದಲ್ಲಿ ಸಾಂಸ್ಥಿಕ ಮಾದರಿಯೇ ಕುಸಿಯುತ್ತಿತ್ತು. ಆರ್ಥಿಕ ಉದಾರೀಕರಣದ ನಂತರ ಸಾರ್ವಜನಿಕ ಉದ್ಯಮಗಳು ನೇಮಕಾತಿಯನ್ನು ಕಡಿತಗೊಳಿಸಿದಾಗ ಕ್ರೀಡಾ ಕೋಟಾ ತಾನಾಗಿ ಸೊರಗಿತು. ಐಟಿಐನಂತಹ ಕಂಪನಿ ಸ್ವತಃ ನಷ್ಟದಲ್ಲಿ ಮುಳುಗಿದಾಗ ಅದರ ತಂಡಕ್ಕೆ ಹೊಸ ರಕ್ತ ಹರಿಯುವ ದಾರಿ ಮುಚ್ಚಿತು. ಎಚ್‌ಎಎಲ್ ತಂಡ ದೇಶದ ಅತ್ಯುನ್ನತ ಲೀಗ್ ಆಗಿದ್ದ ಐ-ಲೀಗ್‌ಗೆ ಬಡ್ತಿ ಪಡೆದು 2010ರಿಂದ ಎರಡು ಋತುಗಳ ಕಾಲ ಆಡಿತಾದರೂ 2012ರಲ್ಲಿ ಕೆಳಗಿಳಿಯಿತು. ಇಷ್ಟರಲ್ಲಿ ಏಷ್ಯಾ ಫುಟ್ಬಾಲ್ ಒಕ್ಕೂಟವು (ಎಎಫ್‌ಸಿ) ಕ್ಲಬ್ ಪರವಾನಗಿ ಎಂಬ ಪದ್ಧತಿಯನ್ನು ಬಿಗಿಗೊಳಿಸಿತ್ತು. ಆಟ, ಮೂಲಸೌಕರ್ಯ, ಸಿಬ್ಬಂದಿ, ಕಾನೂನು ಮತ್ತು ಹಣಕಾಸು ಎಂಬ ಐದು ವಿಭಾಗಗಳಲ್ಲಿ ನಿಗದಿಯಾದ ಮಾನದಂಡಗಳನ್ನು ಮುಟ್ಟಿದ ತಂಡಕ್ಕೆ ಮಾತ್ರ ವೃತ್ತಿಪರ ಲೀಗ್‌ನಲ್ಲಿ ಆಡುವ ಅರ್ಹತೆ ಕೊಡುವುದು ಇದರ ತಿರುಳು. ಈ ಮಾನದಂಡಗಳನ್ನು ಪಾಲಿಸಲಿಲ್ಲವೆಂಬ ಕಾರಣಕ್ಕೆ 2013ರಲ್ಲಿ ಏರ್ ಇಂಡಿಯಾ ಮತ್ತು ಒಎನ್‌ಜಿಸಿ ತಂಡಗಳನ್ನು ಐ-ಲೀಗ್‌ನಿಂದ ಹೊರಗಿಡಲಾಯಿತು. ಕಾರ್ಖಾನೆಯ ಕ್ಷೇಮಾಭಿವೃದ್ಧಿ ವಿಭಾಗವೊಂದು ವೃತ್ತಿಪರ ಕ್ಲಬ್ ನಡೆಸಬಲ್ಲದೆಂಬ ನಂಬಿಕೆ ಅಲ್ಲಿಗೆ ಮುಗಿಯಿತೆನ್ನಬಹುದು.

ಖಾಸಗಿ ಉದ್ಯಮಗಳ ತಂಡಗಳಾದರೂ ಸುರಕ್ಷಿತವಾಗಿದ್ದವೇ ಎಂದು ನೋಡಿದರೆ ಉತ್ತರ ನಿರಾಶಾದಾಯಕ. ಪಂಜಾಬಿನ ಫಗ್ವಾಡದ ಜವಳಿ ಗಿರಣಿಯ ತಂಡವಾದ ಜೆಸಿಟಿ, 1996-97ರಲ್ಲಿ ನಡೆದ ಮೊದಲ ರಾಷ್ಟ್ರೀಯ ಫುಟ್ಬಾಲ್ ಲೀಗ್‌ನ ಚಾಂಪಿಯನ್. 2011ರಲ್ಲಿ ಅದು ಮುಚ್ಚಿತು. ಮುಂಬೈನ ಮಹೀಂದ್ರ ಯುನೈಟೆಡ್ 2005-06ರಲ್ಲಿ ಅದೇ ಲೀಗ್ ಗೆದ್ದು 2010ರಲ್ಲಿ ಇಲ್ಲವಾಯಿತು. ಎರಡೂ ಕಡೆ ತಂಡ ಆಡಲಾರದೆ ಸಾಯಲಿಲ್ಲ, ಒಡೆಯನ ಲೆಕ್ಕಪತ್ರದಲ್ಲಿ ಅದಕ್ಕೆ ಅರ್ಥ ಉಳಿದಿಲ್ಲವೆಂದು ತೀರ್ಮಾನಿಸಲಾಯಿತು. ಬೆಂಗಳೂರಿನಲ್ಲಿಯೇ ರಿಯಲ್ ಎಸ್ಟೇಟ್ ಸಂಸ್ಥೆಯೊಂದರ ಬೆಂಬಲದಿಂದ 2015ರಲ್ಲಿ ಹುಟ್ಟಿದ ಓಝೋನ್ ಎಫ್‌ಸಿ, ಎರಡನೆಯ ದರ್ಜೆಯ ಐ-ಲೀಗ್‌ವರೆಗೆ ಏರಿ ಕೆಲವೇ ವರ್ಷಗಳಲ್ಲಿ ಮೈದಾನದಿಂದ ಮರೆಯಾಯಿತು.

ಹಾಗೆಂದು ಕಂಪನಿಯ ಒಡೆತನವೇ ತಪ್ಪೆಂದು ಸಾಧಿಸಲು ಹೊರಟರೆ ಚರಿತ್ರೆ ಒಪ್ಪುವುದಿಲ್ಲ. ಜರ್ಮನಿಯ ಬೇಯರ್ ಲೆವರ್‌ಕುಸೆನ್ ಕ್ಲಬ್ಬನ್ನು 1904ರಲ್ಲಿ ಬೇಯರ್ ಔಷಧ ಕಾರ್ಖಾನೆಯ ಕಾರ್ಮಿಕರು ಸ್ಥಾಪಿಸಿದರು. ಅದು ಇಂದಿಗೂ ಅದೇ ಕಂಪನಿಯ ಸ್ವತ್ತಾಗಿದ್ದು, 2023-24ರ ಋತುವಿನಲ್ಲಿ ಒಂದೂ ಪಂದ್ಯ ಸೋಲದೆ ಜರ್ಮನಿಯ ಲೀಗ್ ಗೆದ್ದಿತು. ನೆದರ್ಲೆಂಡ್ಸ್‌ನ ಐಂಡ್‌ಹೋವನ್ ನಗರದಲ್ಲಿ ಫಿಲಿಪ್ಸ್ ಕಂಪನಿಯ ನೌಕರರಿಗಾಗಿ 1913ರಲ್ಲಿ ಹುಟ್ಟಿದ ಪಿಎಸ್‌ವಿ 1988ರಲ್ಲಿ ಯೂರೋಪಿಯನ್ ಕಪ್ ಗೆದ್ದು, ಕಾಲಕ್ರಮೇಣ ಕಂಪನಿಯ ಆಸರೆಯಿಂದ ಕಳಚಿಕೊಂಡು ಸ್ವಂತ ಕಾಲಿನ ಮೇಲೆ ನಿಂತಿತು. 2011ರಲ್ಲಿ ಅದಕ್ಕೆ ಹಣದ ಮುಗ್ಗಟ್ಟು ಬಂದಾಗ ಕ್ರೀಡಾಂಗಣದ ಕೆಳಗಿನ ನೆಲವನ್ನು ನಗರಾಡಳಿತವೇ ಕೊಂಡು ಕ್ಲಬ್ಬಿಗೆ ಗುತ್ತಿಗೆಗೆ ಕೊಟ್ಟಿತು. ಇವುಗಳ ಪಕ್ಕದಲ್ಲಿ ಫ್ರಾನ್ಸಿನ ಸೋಷೋ ಕ್ಲಬ್ಬನ್ನು ಇಟ್ಟು ನೋಡಿದರೆ ಕೆಜಿಎಫ್‌ನ ಓದುಗರಿಗೆ ಕಥೆ ಹೆಚ್ಚು ಪರಿಚಿತವೆನಿಸುತ್ತದೆ. ಪೆಜೊ ಕಾರು ಕಂಪನಿ 1928ರಲ್ಲಿ ಕಟ್ಟಿದ ಈ ಕ್ಲಬ್ 1935 ಮತ್ತು 1938ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿತ್ತು. 2015ರಲ್ಲಿ ಪೆಜೊ ಅದನ್ನು ಹೊರಗಿನ ಹೂಡಿಕೆದಾರರಿಗೆ ಮಾರಿತು, ಒಡೆತನ ಮತ್ತೆ ಕೈ ಬದಲಾಯಿತು, 2023ರಲ್ಲಿ ಹಣಕಾಸು ಕುಸಿದು ಫ್ರೆಂಚ್ ಫುಟ್ಬಾಲಿನ ಮೇಲ್ವಿಚಾರಣಾ ಮಂಡಳಿ ಕ್ಲಬ್ಬನ್ನು ಮೂರನೆಯ ದರ್ಜೆಗೆ ಇಳಿಸಿತು. ಆದರೂ ಅದು ಉಳಿದುಕೊಂಡಿತು, ಏಕೆಂದರೆ ಅಭಿಮಾನಿಗಳು ಮೊದಲೇ ಸಹಕಾರಿ ಸಂಘದಂತಹ ಒಂದು ಕೂಟ ಕಟ್ಟಿಕೊಂಡಿದ್ದರು, ಸ್ಥಳೀಯ ವ್ಯಾಪಾರಿಗಳೊಂದಿಗೆ ಸೇರಿ ಹಣ ಕೂಡಿಸಿದರು. ಕಂಪನಿ ಹೋದರೂ ಕ್ಲಬ್ಬಿಗೆ ವಾರಸುದಾರರಿದ್ದರು. ಕೆಜಿಎಫ್‌ನಲ್ಲಿ ಅಭಿಮಾನಕ್ಕೆ ಕೊರತೆಯಿರಲಿಲ್ಲ, ವಾರಸುದಾರಿಕೆಗೆ ಕಾನೂನಿನ ರೂಪವಿರಲಿಲ್ಲ.

ಸಾಂಸ್ಥಿಕ ತಂಡಗಳನ್ನು ಹೊರಗಿಟ್ಟ ಅದೇ 2013ರಲ್ಲಿ ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ ಉದ್ಯಮಪತಿಗಳಿಗೆ ಐ-ಲೀಗ್‌ಗೆ ನೇರ ಪ್ರವೇಶ ನೀಡಲು ಮುಂದಾಯಿತು. ಬಳ್ಳಾರಿ ಸೀಮೆಯಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಹೊಂದಿರುವ ಜೆಎಸ್‌ಡಬ್ಲ್ಯು ಸಮೂಹ ಆ ಅವಕಾಶವನ್ನು ಪಡೆದು ಬೆಂಗಳೂರು ಎಫ್‌ಸಿಯನ್ನು ಸ್ಥಾಪಿಸಿತು. ಮೊದಲ ಋತುವಿನಲ್ಲಿಯೇ ಐ-ಲೀಗ್ ಗೆದ್ದ ಈ ಕ್ಲಬ್ 2015-16ರಲ್ಲಿ ಅದನ್ನು ಪುನಃ ಗೆದ್ದು, ಎರಡು ಬಾರಿ ಫೆಡರೇಶನ್ ಕಪ್ ಪಡೆದು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ಇಂಡಿಯನ್ ಸೂಪರ್ ಲೀಗ್‌ಗೆ ಸೇರಿದ ಎರಡನೆಯ ಋತುವಿನಲ್ಲಿ, 2018-19ರಲ್ಲಿ, ಅಲ್ಲಿಯೂ ಚಾಂಪಿಯನ್ ಆಯಿತು. ಸುನಿಲ್ ಛೆಟ್ರಿಯಂತಹ ಆಟಗಾರ ಆರಂಭದಿಂದಲೂ ಇದ್ದದ್ದು ನಿಜವಾದರೂ ಒಬ್ಬ ಆಟಗಾರನಿಂದ ಇಷ್ಟೆಲ್ಲ ಆಗುವುದಿಲ್ಲ. ಒಡೆಯರು ಹಣ ಕೊಟ್ಟು ಹಿಂದೆ ಸರಿದು, ಆಟದ ತೀರ್ಮಾನಗಳನ್ನು ಆಟ ಬಲ್ಲವರಿಗೆ ಬಿಟ್ಟದ್ದು ಇಲ್ಲಿನ ಮುಖ್ಯ ಸಂಗತಿ. 2013ರಿಂದ 2021ರ ಜನವರಿವರೆಗೆ ಕ್ಲಬ್ಬಿಗೆ ಇದ್ದ ಮುಖ್ಯ ತರಬೇತುದಾರರು ಆಶ್ಲಿ ವೆಸ್ಟ್‌ವುಡ್, ಆಲ್ಬರ್ಟ್ ರೋಕಾ ಮತ್ತು ಕಾರ್ಲೆಸ್ ಕ್ವಾದ್ರಾತ್ ಎಂಬ ಮೂವರೇ. ಅವರಲ್ಲಿ ಮೂರನೆಯವರು ಎರಡನೆಯವರ ಸಹಾಯಕರಾಗಿದ್ದವರಾದ್ದರಿಂದ ತಂಡದ ಆಟದ ರೀತಿ ಒಬ್ಬರಿಂದ ಇನ್ನೊಬ್ಬರಿಗೆ ಮುರಿಯದೆ ದಾಟಿತು. ಮುಂದಿನ ಮೂರು ವರ್ಷಗಳಲ್ಲಿ ಆ ಹುದ್ದೆ ಹಲವು ಕೈ ಬದಲಾಯಿತು. ಆ ಅವಧಿಯಲ್ಲಿ ಕ್ಲಬ್ಬಿಗೆ ಬಂದ ದೊಡ್ಡ ಪ್ರಶಸ್ತಿ 2022ರ ಡ್ಯುರಾಂಡ್ ಕಪ್ ಒಂದೇ. ಒಡೆಯ ಅದೇ, ಹಣವೂ ಅದೇ, ಆದರೆ ಫಲ ಬೇರೆಯಾಯಿತು. ತರಬೇತುದಾರನನ್ನು ಪದೇ ಪದೇ ಬದಲಿಸುವುದು ಅಭಿಮಾನಿಗಳ ಸಿಟ್ಟನ್ನು ತಣಿಸಬಹುದು. ಪ್ರತಿ ಹೊಸ ತರಬೇತುದಾರನೂ ತನ್ನ ಪದ್ಧತಿಗೆ ಒಗ್ಗುವ ಆಟಗಾರರನ್ನು ಬೇಡುವುದರಿಂದ ಹಿಂದಿನವನು ಕೊಂಡ ಆಟಗಾರರ ಒಪ್ಪಂದಗಳೆಲ್ಲ ಹೊರೆಯಾಗುತ್ತವೆ ಎಂಬುದು ಲೆಕ್ಕಪತ್ರ ನೋಡುವವರಿಗಷ್ಟೇ ತಿಳಿಯುತ್ತದೆ.

ಎಳೆಯರ ವಿಷಯದಲ್ಲಿ ಈ ಕ್ಲಬ್ಬಿನ ಆಡಳಿತ ದೂರದೃಷ್ಟಿ ತೋರಿತೆಂದು ಒಪ್ಪಬೇಕು. ಬಳ್ಳಾರಿ ಸಮೀಪದ ವಿಜಯನಗರದಲ್ಲಿ ಜೆಎಸ್‌ಡಬ್ಲ್ಯು 2018ರಲ್ಲಿ ಆರಂಭಿಸಿದ ಕ್ರೀಡಾ ತರಬೇತಿ ಸಂಸ್ಥೆಯ ಆವರಣದಲ್ಲಿಯೇ ಕ್ಲಬ್ಬಿನ ವಸತಿ ಅಕಾಡೆಮಿ ನಡೆದಿದ್ದು, ಅಲ್ಲಿಂದ ಬಂದ ಹುಡುಗರು ಮೊದಲ ತಂಡದಲ್ಲಿ ಸ್ಥಾನ ಪಡೆದಿದ್ದಾರೆ. ಬೆಂಗಳೂರಿನವರೇ ಆದ ವಿನಿತ್ ವೆಂಕಟೇಶ್ 2024ರಲ್ಲಿ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಸೂಪರ್ ಲೀಗ್‌ನಲ್ಲಿ ಗೋಲು ಹೊಡೆದರು. ಆದರೂ ಮೊದಲ ತಂಡದಲ್ಲಿ ಕನ್ನಡ ನಾಡಿನ ಹುಡುಗರು ಬೆರಳೆಣಿಕೆಯಷ್ಟೇ ಇದ್ದಾರೆ ಎಂಬ ಮಾತಿನಲ್ಲಿ ಸತ್ಯವಿದೆ, ಕೋಲಾರದಂತಹ ಜಿಲ್ಲೆಗಳಿಂದ ಅಲ್ಲಿಗೆ ಹೋಗುವ ದಾರಿ ಇನ್ನೂ ಕಿರಿದು.

ಒಳ್ಳೆಯ ಒಡೆಯ ಮತ್ತು ಒಳ್ಳೆಯ ಆಡಳಿತ ಇದ್ದರೂ ಸಾಲದು, ಲೀಗ್‌ನ ಒಡೆತನವೂ ಸ್ಥಿರವಾಗಿರಬೇಕು ಎಂಬುದು 2025ರಲ್ಲಿ ಸ್ಪಷ್ಟವಾಯಿತು. ಫೆಡರೇಶನ್ನಿನ ವಾಣಿಜ್ಯ ಹಕ್ಕುಗಳನ್ನು 2010ರಲ್ಲಿ ಹದಿನೈದು ವರ್ಷಗಳಿಗೆ ವಹಿಸಿಕೊಟ್ಟ ಒಪ್ಪಂದವು 2025ರ ಡಿಸೆಂಬರ್‌ನಲ್ಲಿ ಮುಗಿಯಲಿದ್ದು, ಮುಂದೇನೆಂಬುದು ತೀರ್ಮಾನವಾಗದ ಕಾರಣ ಸೂಪರ್ ಲೀಗ್ ನಡೆಸುತ್ತಿದ್ದ ಕಂಪನಿಯು ಆ ವರ್ಷದ ಜುಲೈನಲ್ಲಿ ಟೂರ್ನಿಯನ್ನು ತಡೆಹಿಡಿಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ಸ್ಥಗಿತಗೊಳಿಸುವುದಾಗಿ ಪ್ರಕಟಿಸಿತು. ದೇಶದ ಅತ್ಯಂತ ಸುವ್ಯವಸ್ಥಿತ ಕ್ಲಬ್ಬುಗಳಲ್ಲಿ ಒಂದೆನಿಸಿದ್ದಕ್ಕೇ ಈ ಗತಿ ಬಂದರೆ ಸಣ್ಣವುಗಳ ಪಾಡು ಊಹಿಸಬಹುದು.

ಒಬ್ಬ ಒಡೆಯನನ್ನೇ ನೆಚ್ಚಿದ ಈ ಅಭದ್ರತೆಗೆ ಸದಸ್ಯರ ಒಡೆತನ ಪರಿಹಾರವೇ? ಬೆಂಗಳೂರಿನ ಚರಿತ್ರೆಯಲ್ಲಿ ಅದಕ್ಕೊಂದು ಹೆಮ್ಮೆಯ ಉದಾಹರಣೆಯಿದೆ. ಸೇನೆಯ ತಂಡಗಳ ಪ್ರಾಬಲ್ಯವಿದ್ದ ಮುಂಬೈನ ರೋವರ್ಸ್ ಕಪ್ ಅನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಬೆಂಗಳೂರು ಮುಸ್ಲಿಮ್ಸ್, ಕಂಪನಿಯೊಂದರ ನೆರಳಿಲ್ಲದೆ ಸಮುದಾಯದ ಬೆಂಬಲದಲ್ಲಿ ಬೆಳೆದ ಕ್ಲಬ್. ಮರುವರ್ಷವೂ ಅದು ಆ ಕಪ್ ಗೆದ್ದಿತು. ಜರ್ಮನಿಯಲ್ಲಿ ಸದಸ್ಯರ ಹಕ್ಕಿಗೆ ನಿಯಮದ ಬಲವಿದೆ. ಅಲ್ಲಿ 1998ರಿಂದ ಜಾರಿಯಲ್ಲಿರುವ ಐವತ್ತಕ್ಕಿಂತ ಒಂದು ಹೆಚ್ಚು ಎಂಬ ನಿಯಮದ ಪ್ರಕಾರ ಹೂಡಿಕೆದಾರರು ಎಷ್ಟೇ ಹಣ ಹಾಕಿದರೂ ಮತದ ಬಹುಮತ ಸದಸ್ಯರ ಸಂಘದಲ್ಲಿಯೇ ಉಳಿಯಬೇಕು, ಲೆವರ್‌ಕುಸೆನ್‌ನಂತಹ ಹಳೆಯ ಕಾರ್ಖಾನೆ ಕ್ಲಬ್ಬುಗಳಿಗೆ ಮಾತ್ರ ವಿನಾಯಿತಿ. ಇಂಥ ತಡೆಯಿಲ್ಲದ ಇಂಗ್ಲೆಂಡಿನಲ್ಲಿ, 1885ರಲ್ಲಿ ಸ್ಥಾಪನೆಯಾದ ಬರಿ ಎಂಬ ಕ್ಲಬ್ಬನ್ನು 2018ರಲ್ಲಿ ಉದ್ಯಮಿಯೊಬ್ಬ ಒಂದು ಪೌಂಡಿಗೆ ಕೊಂಡ, ಮರುವರ್ಷವೇ ಸಾಲ ತೀರಿಸುವ ಭರವಸೆ ಒದಗಿಸಲಾಗದೆ ಅದು ಲೀಗ್‌ನಿಂದ ಹೊರಹಾಕಲ್ಪಟ್ಟಿತು. ಆದರೆ ಸದಸ್ಯರ ಸಂಘಗಳಿಗೂ ಅವುಗಳದೇ ರೋಗಗಳಿವೆ. ವರ್ಷಗಟ್ಟಲೆ ಚುನಾವಣೆ ನಡೆಯದ, ಒಂದೇ ಮನೆತನದವರು ಕಾರ್ಯದರ್ಶಿ ಮತ್ತು ಖಜಾಂಚಿ ಎರಡೂ ಆಗಿರುವ, ಲೆಕ್ಕಪತ್ರ ಮಂಡಿಸದ ಸಂಘಗಳು ನಮ್ಮಲ್ಲಿ ಅಪರೂಪವಲ್ಲ. ಅಂಥಲ್ಲಿ ಹೆಸರಿಗೆ ಎಲ್ಲರ ಒಡೆತನ, ನಿಜದಲ್ಲಿ ಯಾರದೂ ಅಲ್ಲದ ಸ್ವತ್ತು.

ಕೋಲಾರ ಸೀಮೆಯವರಿಗೆ ಒಬ್ಬನ ಒಡೆತನ ಮತ್ತು ಎಲ್ಲರ ಒಡೆತನದ ಈ ವ್ಯತ್ಯಾಸವನ್ನು ಅರ್ಥ ಮಾಡಿಕೊಳ್ಳಲು ಕೆರೆಯ ಉದಾಹರಣೆ ಸಾಕು. ಒಬ್ಬನೇ ಕೊರೆಸಿದ ಕೊಳವೆಬಾವಿ ಬೇಗ ನೀರು ಕೊಡುತ್ತದೆ, ಅಂತರ್ಜಲ ಬತ್ತಿದ ದಿನ ಕೈಬಿಡುತ್ತದೆ. ಕೆರೆಗೆ ಹೂಳೆತ್ತುವವರು, ತೂಬು ನೋಡಿಕೊಳ್ಳುವ ನೀರಗಂಟಿ, ನೀರು ಹಂಚುವ ಕಟ್ಟಳೆ ಎಲ್ಲವೂ ಬೇಕು, ಅವು ತಪ್ಪಿದರೆ ಕೆರೆಯೂ ಒಣಗುತ್ತದೆ.

ಇಂದು ಕೋಲಾರ ಜಿಲ್ಲೆಯಲ್ಲಿ ಹಣವಿಲ್ಲವೆಂದು ಹೇಳುವಂತಿಲ್ಲ. ನರಸಾಪುರ, ವೇಮಗಲ್ ಮತ್ತು ಮಾಲೂರು ಕೈಗಾರಿಕಾ ಪ್ರದೇಶಗಳಲ್ಲಿ ದ್ವಿಚಕ್ರ ವಾಹನದಿಂದ ಮೊಬೈಲ್ ಫೋನ್‌ವರೆಗೆ ತಯಾರಿಸುವ ದೊಡ್ಡ ಕಾರ್ಖಾನೆಗಳು ಬಂದಿವೆ. ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳಿಗೆ ವೆಚ್ಚ ಮಾಡಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಗ್ರಾಮೀಣ ಮತ್ತು ರಾಷ್ಟ್ರೀಯ ಮಾನ್ಯತೆಯ ಕ್ರೀಡೆಗಳ ತರಬೇತಿಯೂ ಆ ಪಟ್ಟಿಯಲ್ಲಿದೆ. ಕಂಪನಿಯ ಪ್ರಚಾರಕ್ಕಾಗಿ ಕೊಡುವ ಪ್ರಾಯೋಜಕತ್ವ ಮತ್ತು ಕೇವಲ ತನ್ನ ನೌಕರರಿಗಾಗಿ ಮಾಡುವ ಕೆಲಸ ಈ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಗಣಿಯ ಕಾಲದ ಕಾರ್ಖಾನೆ ತಂಡವನ್ನು ಈ ಹಣದಲ್ಲಿ ಮತ್ತೆ ಕಟ್ಟುವಂತಿಲ್ಲ, ಊರಿನ ಮಕ್ಕಳಿಗೆ ತರಬೇತಿ ಕೊಡುವ ಸ್ವತಂತ್ರ ಸಂಸ್ಥೆಗೆ ನೆರವು ಕೊಡಬಹುದು. ಗಣಿಯ ಅನುಭವದ ನಂತರ ಇದನ್ನು ನಿರ್ಬಂಧವೆಂದು ಭಾವಿಸುವುದಕ್ಕಿಂತ ಅನುಕೂಲವೆಂದು ಭಾವಿಸುವುದು ಮೇಲು.

ಮುಳಬಾಗಿಲು ಮತ್ತು ಶ್ರೀನಿವಾಸಪುರದಂತಹ ತಾಲ್ಲೂಕುಗಳಲ್ಲಿ ಅಂತಹ ದೊಡ್ಡ ಕಂಪನಿಗಳ ಆಸರೆಯೂ ಇಲ್ಲ. ಅಲ್ಲಿ ಆಟಕ್ಕೆ ಹಣ ಬರುವುದು ಹೆಚ್ಚಾಗಿ ಟೂರ್ನಿಗಳ ರೂಪದಲ್ಲಿ; ಚುನಾವಣೆ ಹತ್ತಿರವಾದಾಗ ಮುಖಂಡರ ಹೆಸರಿನ ಕಪ್, ನಗದು ಬಹುಮಾನ, ಫ್ಲೆಕ್ಸು, ಧ್ವನಿವರ್ಧಕ ಎಲ್ಲಕ್ಕೂ ದಾನಿಗಳು ಸಿಗುತ್ತಾರೆ, ಅದೇ ದಾನಿ ಹನ್ನೆರಡು ವರ್ಷದ ಮಕ್ಕಳಿಗೆ ಕಲಿಸುವ ತರಬೇತುದಾರನ ತಿಂಗಳ ಸಂಬಳಕ್ಕೆ ಸಿಗುವುದಿಲ್ಲ. ಎರಡು ದಿನದ ಟೂರ್ನಿಗೆ ಸುರಿಯುವ ಹಣವನ್ನು ಹತ್ತು ವರ್ಷದ ಕ್ಲಬ್ಬಿಗೆ ಹರಿಸುವ ಆಡಳಿತ ಇಲ್ಲದಿರುವುದು ಇಲ್ಲಿನ ನಿಜವಾದ ಕೊರತೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ಕನಿಷ್ಠ ಏಳು ಮಂದಿ ಸೇರಿ ಸಂಘವೊಂದನ್ನು ನೋಂದಾಯಿಸಬಹುದು. ಪ್ರತಿವರ್ಷ ಸರ್ವಸದಸ್ಯರ ಸಭೆ ನಡೆಸಿ ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸುವುದು ಅದರ ಮುಖ್ಯ ಕರ್ತವ್ಯ. ಲಾಭ ಹಂಚಿಕೊಳ್ಳದ ಕಂಪನಿಯಾಗಿ ನೋಂದಾಯಿಸಿಕೊಳ್ಳುವ ದಾರಿಯೂ ಇದೆ, ಅದರಲ್ಲಿ ಲೆಕ್ಕದ ಶಿಸ್ತು ಇನ್ನಷ್ಟು ಬಿಗಿ.

ಈ ತಾಲ್ಲೂಕುಗಳಲ್ಲಿ ಯಾರಾದರೂ ಫುಟ್ಬಾಲ್ ಕ್ಲಬ್ ಕಟ್ಟಲು ಹೊರಟರೆ ಜೆರ್ಸಿಯ ಬಣ್ಣ ತೀರ್ಮಾನಿಸುವ ಮೊದಲು ಮೈದಾನದ ಪಹಣಿ ಯಾರ ಹೆಸರಿನಲ್ಲಿದೆ ಎಂದು ನೋಡಲಿ, ಅದು ಶಾಲೆಯದಾಗಿರಲಿ, ಪುರಸಭೆಯದಾಗಿರಲಿ, ಕ್ರೀಡಾ ಇಲಾಖೆಯದಾಗಿರಲಿ, ದೀರ್ಘ ಅವಧಿಯ ಬಳಕೆಯ ಕರಾರನ್ನು ಬರಹದಲ್ಲಿ ಪಡೆಯಲಿ. ದೊಡ್ಡ ದಾನಿಗೆ ಗೌರವಾಧ್ಯಕ್ಷನ ಕುರ್ಚಿ ಕೊಡಲಿ, ಚೆಕ್ಕಿನ ಸಹಿ ಮತ್ತು ತರಬೇತುದಾರನ ಆಯ್ಕೆಯನ್ನು ಸಂಘದ ಕೈಯಲ್ಲಿಯೇ ಇಟ್ಟುಕೊಳ್ಳಲಿ. ಆ ದಾನಿ ನಾಳೆ ಕೈಬಿಟ್ಟರೆ ಕ್ಲಬ್ಬಿನ ಹೆಸರು, ಚೆಂಡು, ಮಕ್ಕಳ ದಾಖಲೆ ಯಾರಿಗೆ ಸೇರುತ್ತವೆ ಎಂಬುದನ್ನು ಬೈಲಾದಲ್ಲಿ ಮೊದಲ ದಿನವೇ ಬರೆಸಿಡಲಿ.